ಮಗುವಿಗಾಗಿ ಮನೆಯ ಬಿಸ್ಕತ್ತು, ಕೈಹೆಣಿಗೆಯ ಕುಲಾವಿ

(ಸಂಘದ ಮಹಿಳಾ ವಿಭಾಗದ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯೆಂದರೆ ನಾಡು, ನುಡಿ, ಇತಿಹಾಸಗಳ ಮಾತು ನಡೆಯತಕ್ಕ ಸ್ಥಳ. ಇಂಥಲ್ಲಿ ನಿಂತು ಬಿಸ್ಕತ್ತಿನ ಮಾತನ್ನೂ ಕುಲಾವಿಯ ಮಾತನ್ನೂ ಎತ್ತಿದ್ದಕ್ಕೆ ತಾವು ಮೊದಲೇ ನನ್ನನ್ನು ಕ್ಷಮಿಸಬೇಕು. ನಾನು ಸಾಹಿತಿಯಲ್ಲ, ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತೆಯಾಗಿರುವವಳು. ಲೆಕ್ಕವನ್ನು ಬಿಟ್ಟರೆ ನನಗೆ ಬರುವುದು ಈ ಎರಡೇ ಕೆಲಸ. ಅವನ್ನೂ ಕಲಿತದ್ದು ನನ್ನ ಮಗಳ ದೆಸೆಯಿಂದ.

ಆದದ್ದಿಷ್ಟು. ಕಳೆದ ವರ್ಷ ಮಗಳಿಗೆ ಮೂರು ತುಂಬಿತ್ತು. ಧಾರವಾಡದಲ್ಲಿರುವ ನನ್ನ ತಾಯಿಯವರು ಫೋನು ಮಾಡಿದ್ದರು. ಮಗು ಉತ್ಸಾಹದಿಂದ ಏನೇನೋ ಹೇಳಿತು; ಅರ್ಧ ಮರಾಠಿ, ಅರ್ಧ ಇಂಗ್ಲಿಷು. ಅತ್ತ ಕಡೆಯಿಂದ ಅವ್ವ ಕೇಳಿದರು: "ಕೂಸು ಏನನ್ನಲಿಕ್ಕತ್ತದ? ನನಗ ಒಂದೂ ತಿಳೀವಲ್ದು." ಹೆತ್ತ ತಾಯಿಗೂ ಹೆತ್ತ ಮಗಳಿಗೂ ನಡುವೆ ನಾನು ದುಭಾಷಿಯಾಗಿ ನಿಲ್ಲಬೇಕಾಯಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ತಪ್ಪು ಮಗುವಿನದಲ್ಲ. ಹಗಲೆಲ್ಲ ಅದು ಶಿಶುವಿಹಾರದಲ್ಲಿ, ನಾನು ಕಚೇರಿಯಲ್ಲಿ. ಸಂಜೆ ಮನೆಗೆ ಬಂದರೆ ನಾನು ಆಡುತ್ತಿದ್ದ ಕನ್ನಡವೆಲ್ಲ "ಬೇಗ ಉಣ್ಣು, ಬೇಗ ಮಲಗು" ಎಂಬಷ್ಟರಲ್ಲೇ ಮುಗಿಯುತ್ತಿತ್ತು. ಇಷ್ಟರಿಂದ ಯಾವ ಮಗು ತಾನೇ ಭಾಷೆ ಕಲಿತೀತು? ವರ್ಣಮಾಲೆಯ ಪುಸ್ತಕ ತಂದೆ. ಎರಡು ದಿನದಲ್ಲಿ ಅದು ಹರಿದುಹೋಯಿತು. ಕಡೆಗೆ, ಮಗುವನ್ನು ಹತ್ತಿರ ಕೂರಿಸಿಕೊಂಡು ಕೈಯಿಂದ ಏನಾದರೂ ಮಾಡೋಣವೆಂದು ನಿಶ್ಚಯಿಸಿದೆ. ಕೈ ಕೆಲಸದಲ್ಲಿದ್ದರೆ ಮಾತು ತಾನಾಗಿ ಬರುತ್ತದೆ.

ಮೊದಲು ಬಿಸ್ಕತ್ತಿನ ವಿಚಾರ. ಈ ಪುಣೆಯಲ್ಲಿ ಬಿಸ್ಕತ್ತಿಗೇನೂ ಬರವಿಲ್ಲ. 1955ರಲ್ಲಿ ಪ್ರಾರಂಭವಾದ ಕಯಾನಿ ಬೇಕರಿಯ ಶ್ರೂಸ್‌ಬರಿ ಬಿಸ್ಕತ್ತಿಗೆ ಜನ ಸಾಲುಗಟ್ಟಿ ನಿಲ್ಲುವುದನ್ನು ತಾವೆಲ್ಲ ಬಲ್ಲಿರಿ. ಆದರೆ ನನಗೆ ಬೇಕಾಗಿದ್ದುದು ನಮ್ಮ ರಾಗಿಯದು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮೇಲ್ಪಟ್ಟು ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಉಂಟು. ಆದರೆ ಗೋಧಿಯಲ್ಲಿರುವ ಅಂಟಿನ ಗುಣ ರಾಗಿಗಿಲ್ಲ; ಬರೀ ರಾಗಿಯಿಂದ ಮಾಡಿದರೆ ಕೈಯಲ್ಲೇ ಪುಡಿಯಾಗುತ್ತದೆ. ಆದ್ದರಿಂದ 100 ಗ್ರಾಂ ಹುರಿದ ರಾಗಿ ಹಿಟ್ಟಿಗೆ ಅಷ್ಟೇ ಗೋಧಿ ಹಿಟ್ಟು, 90 ಗ್ರಾಂ ಬೆಣ್ಣೆ, 80 ಗ್ರಾಂ ಬೆಲ್ಲದ ಪುಡಿ, ಅರ್ಧ ಚಮಚ ಬೇಕಿಂಗ್ ಪೌಡರು, ಚಿಟಿಕೆ ಏಲಕ್ಕಿ ಸೇರಿಸಿ, ಎರಡು ಮೂರು ಚಮಚ ಹಾಲಿನಲ್ಲಿ ಕಲಸಬೇಕು. ಬಹಳ ನಾದಕೂಡದು; ನಾದಿದಷ್ಟೂ ಗಟ್ಟಿಯಾಗುತ್ತದೆ.

ಓವನ್ ಇದ್ದವರು 170 ಡಿಗ್ರಿ ಸೆಂಟಿಗ್ರೇಡಿನಲ್ಲಿ 15ರಿಂದ 18 ನಿಮಿಷ ಬೇಯಿಸಬಹುದು. ಬಾಡಿಗೆ ಮನೆಯ ನಮ್ಮಂಥವರಿಗೆ ದಪ್ಪ ತಳದ ಪಾತ್ರೆಯೇ ಸಾಕು. ತಳದಲ್ಲಿ ಒಂದಂಗುಲ ಉಪ್ಪು ಹರವಿ, ಮೇಲೊಂದು ಸ್ಟ್ಯಾಂಡು ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ, ಬಳಿಕ ತಟ್ಟೆಯನ್ನಿಟ್ಟು ಸಣ್ಣ ಉರಿಯಲ್ಲಿ ಸುಮಾರು 25 ನಿಮಿಷ ಬಿಡಬೇಕು. ಒಲೆಯ ಹತ್ತಿರ ಮಗುವನ್ನು ಬಿಡಬಾರದೆಂದು ಬೇರೆ ಹೇಳಬೇಕಿಲ್ಲ.

ನಾನು ಮೊದಲ ಸಲ ಮಾಡಿದ್ದು ಸುಟ್ಟು ಇದ್ದಲಾಯಿತು. ಕಾರಣವನ್ನು ಆಮೇಲೆ ಅರಿತೆ. ಮೈದಾ ಬಿಸ್ಕತ್ತಾದರೆ ಕೆಂಪಗಾದಾಗ ಇಳಿಸಬಹುದು. ರಾಗಿ ಮೊದಲೇ ಕಪ್ಪು, ಬಣ್ಣ ನೋಡಿ ತಿಳಿಯದು. ವಾಸನೆ ನೋಡಬೇಕು, ಅಂಚು ಮುಟ್ಟಿ ನೋಡಬೇಕು. ಬಿಸಿ ಇರುವಾಗ ಬಿಸ್ಕತ್ತು ಮೆತ್ತಗೇ ಇರುತ್ತದೆ. ಆರಿದ ಮೇಲೆ ಗರಿಗರಿಯಾಗುತ್ತದೆ. ಮೆತ್ತಗಿದೆಯೆಂದು ಮತ್ತೆ ಒಲೆಗಿಟ್ಟವರ ಪಾಡು ನನ್ನ ಪಾಡೇ.

ಒಂದು ಎಚ್ಚರಿಕೆ. ಎರಡು ವರ್ಷ ತುಂಬದ ಕೂಸುಗಳಿಗೆ ಸಿಹಿ ಹೆಚ್ಚಿರುವ ತಿನಿಸು ಸಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಬೆಲ್ಲವೂ ಸಿಹಿಯೇ, ಮನೆಯಲ್ಲಿ ಮಾಡಿದ್ದೆಂಬ ಮಾತ್ರಕ್ಕೆ ಅದಕ್ಕೆ ವಿನಾಯಿತಿಯಿಲ್ಲ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪವನ್ನಂತೂ ಕೊಡಲೇಬಾರದು.

ಇನ್ನು ಹೆಣಿಗೆ. ನಮ್ಮ ಉತ್ತರ ಕರ್ನಾಟಕದಲ್ಲಿ ಕೂಸು ಹುಟ್ಟಿತೆಂದರೆ ಅಜ್ಜಿ ಹಳೆಯ ಸೀರೆಗಳಿಂದ ಕೌದಿ ಹೊಲಿಯುತ್ತಿದ್ದಳು, ಕುಂಚಿಗೆ ಹೊಲಿಯುತ್ತಿದ್ದಳು. ನನ್ನ ತಾಯಿಯವರು ಕ್ರೋಶಾ ಕಡ್ಡಿಯಿಂದ ಬಾಗಿಲ ತೋರಣ ಹೆಣೆದವರು. ಅವರ ಬಳಿಯಲ್ಲೇ ಬೆಳೆದರೂ ನಾನು ಕಲಿಯಲಿಲ್ಲ. ಪರೀಕ್ಷೆ, ನೌಕರಿ ಎಂದು ಓಡುತ್ತಿದ್ದೆ. ಈಗ ಮೂವತ್ತು ದಾಟಿದ ಮೇಲೆ ಫೋನಿನಲ್ಲಿ ಅವರನ್ನೇ ಕೇಳಿ ಕಲಿತೆ.

ಲೆಕ್ಕ ಬಲ್ಲವರಿಗೆ ಕ್ರೋಶಾ ಕಷ್ಟವಲ್ಲ. ಕುಲಾವಿಯನ್ನು ನಡುನೆತ್ತಿಯಿಂದ ಆರಂಭಿಸಬೇಕು. ಸಣ್ಣ ಹೆಣಿಗೆಯಲ್ಲಿ ಮೊದಲ ಸುತ್ತಿಗೆ 6 ಕುಣಿಕೆ, ಎರಡನೆಯದಕ್ಕೆ 12, ಮೂರನೆಯದಕ್ಕೆ 18. ಹೀಗೆ ಸುತ್ತಿಗೆ ಆರಾರು ಕೂಡುತ್ತ ಹೋದರೆ ಚಪ್ಪಟೆಯಾದ ಬಿಲ್ಲೆಯಾಗುತ್ತದೆ. ಕೂಡುವುದನ್ನು ನಿಲ್ಲಿಸಿದಲ್ಲಿಂದ ಅದು ಬಟ್ಟಲಿನಂತೆ ಕೆಳಗಿಳಿಯುತ್ತದೆ. ಎಲ್ಲಿ ನಿಲ್ಲಿಸಬೇಕು? ಮೂರು ವರ್ಷದ ಮಗುವಿನ ತಲೆಯ ಸುತ್ತಳತೆ ಸಾಮಾನ್ಯವಾಗಿ 48 ಸೆಂಟಿಮೀಟರಿನ ಆಸುಪಾಸು. ಹೆಣಿಗೆ ಹಿಗ್ಗುವುದರಿಂದ 46 ಎಂದು ಹಿಡಿದು, 3.14ರಿಂದ ಭಾಗಿಸಿದರೆ ಹದಿನಾಲ್ಕೂವರೆಗೆ ತುಸು ಮೇಲೆ. ಬಿಲ್ಲೆಯ ಅಗಲ ಅಷ್ಟಾದಾಗ ನಿಲ್ಲಿಸಬೇಕು. ನಾನು ಅಳತೆ ನೋಡದೆ ಬೇಗ ನಿಲ್ಲಿಸಿದ ಮೊದಲ ಕುಲಾವಿ ತೆಂಗಿನಕಾಯಿಗೆ ಸರಿಹೋಯಿತು. ಮಗು ಅದನ್ನೇ ಕಾಯಿಗೆ ತೊಡಿಸಿ ಒಂದು ವಾರ ಆಡಿತು.

ದುಡಿಯುವ ತಾಯಂದಿರಿಗೆ ಕ್ರೋಶಾದಲ್ಲಿ ಇನ್ನೊಂದು ಅನುಕೂಲವುಂಟು. ಎರಡು ಕಡ್ಡಿಯ ಹೆಣಿಗೆಯಲ್ಲಿ ಸಾಲಿನ ಕುಣಿಕೆಗಳೆಲ್ಲ ಕಡ್ಡಿಯ ಮೇಲಿರುತ್ತವೆ. ಮಗು ಕಡ್ಡಿ ಎಳೆದರೆ ಎಲ್ಲವೂ ಜಾರುತ್ತವೆ. ಕ್ರೋಶಾದಲ್ಲಿ ಕೈಬಿಟ್ಟಾಗ ಉಳಿಯುವುದು ಒಂದೇ ಕುಣಿಕೆ. ಅದನ್ನು ಹಿಡಿದರೆ ಕೆಲಸ ಮತ್ತೆ ಮುಂದುವರಿಯುತ್ತದೆ. ನೂಲು ಹತ್ತಿಯದಿರಲಿ, ಬೆವರು ಹೀರುತ್ತದೆ. ಕತ್ತಿಗೆ ಉದ್ದನೆಯ ದಾರ ಬೇಡ. ಗೊಂಬೆ ಹೆಣೆದರೆ ಕಣ್ಣಿಗೆ ಗುಂಡಿ ಹೊಲಿಯಬೇಡಿ, ಕಿತ್ತು ನುಂಗೀತು. ದಾರದಿಂದಲೇ ಕಸೂತಿ ಹಾಕಿ.

ಇದರಿಂದ ಹಣ ಉಳಿಯಿತೇ ಎಂದು ತಾವು ಕೇಳಬಹುದು. ಉಳಿಯಲಿಲ್ಲ. ಬೆಣ್ಣೆ, ನೂಲು, ಗ್ಯಾಸು, ನನ್ನ ಹೊತ್ತು ಎಲ್ಲವನ್ನೂ ಖರ್ಚಿಗೆ ಹಾಕಿದರೆ ಅಂಗಡಿಯ ಸರಕೇ ಅಗ್ಗ. ಆದರೆ ಜಮೆಯ ಪಕ್ಕದಲ್ಲಿ ಬರೆದುಕೊಳ್ಳಬೇಕಾದ್ದು ಬೇರೆ ಇದೆ. ಕಲಸು, ನಾದು, ತಟ್ಟು, ಎಳೆ, ಕುಣಿಕೆ, ಗಂಟು, ಬಿಚ್ಚು: ಈ ಮಾತುಗಳನ್ನು ಮಗು ಪುಸ್ತಕದಿಂದ ಕಲಿಯಲಿಲ್ಲ, ಕೈಯಿಂದ ಕಲಿಯಿತು. ಕುಣಿಕೆ ಎಣಿಸುತ್ತ ಎಣಿಸುತ್ತ ಒಂದರಿಂದ ಹದಿನೆಂಟರವರೆಗೆ ಕನ್ನಡದಲ್ಲೇ ಎಣಿಸಿತು. "ಹದ" ಎಂಬ ಮಾತನ್ನು ನಾನು ಮರಾಠಿಗೂ ಇಂಗ್ಲಿಷಿಗೂ ತಿರುಗಿಸಲಾರೆ. ಹಿಟ್ಟಿನಲ್ಲಿ ಬೆರಳಿಟ್ಟ ಮಗುವಿಗೆ ಅದು ತಿಳಿಯಿತು.

ಮೊನ್ನೆ ದಸರೆಯಲ್ಲಿ ಅವ್ವ ಫೋನು ಮಾಡಿದಾಗ ನಾವು ಬಿಸ್ಕತ್ತಿಗೆ ಕಲಸುತ್ತಿದ್ದೆವು. ಮಗು ಫೋನು ಕಸಿದುಕೊಂಡು ಹೇಳಿತು: "ಅಜ್ಜಿ, ಆಮ್ಯಾಲೆ ಮಾತಾಡ್ತೀನಿ. ಹಿಟ್ಟು ಇನ್ನೂ ಹದಾ ಆಗಿಲ್ಲ." ಅತ್ತ ಅವ್ವ ನಕ್ಕು, "ಹಂಗಾದ್ರ ಒಂದ ಚಮಚಾ ಹಾಲು ಹಾಕು, ನನ್ನವ್ವಾ" ಎಂದರು. ಮಗು ಹಾಲು ಹಾಕಿತು. ನಡುವೆ ನನ್ನ ಅಗತ್ಯ ಬೀಳಲಿಲ್ಲ.

ಮಹನೀಯರೇ, 1956ರ ನವೆಂಬರ್ 1ರಂದು ಹಂಚಿಹೋಗಿದ್ದ ನಾಡು ಒಂದಾಯಿತು. ನಾಡಿನ ಹೊರಗಿರುವ ನಮ್ಮ ಮನೆಗಳಲ್ಲಿ ಅಜ್ಜಿಯೂ ಮೊಮ್ಮಗುವೂ ಬೇರೆಬೇರೆಯಾಗದಂತೆ ನೋಡಿಕೊಳ್ಳುವ ಕೆಲಸ ನಮ್ಮ ಪಾಲಿಗಿದೆ. ಅದಕ್ಕೆ ವಾರದಲ್ಲಿ ಒಂದು ಸಂಜೆಯನ್ನಾದರೂ ತೆಗೆದಿಡಿ. ಬಿಸ್ಕತ್ತೇ ಆಗಬೇಕೆಂದಿಲ್ಲ, ಚಕ್ಕುಲಿಯಾದರೂ ಆದೀತು. ಗಂಡಸರೂ ಕೈ ಹಾಕಲಿ ಎಂಬುದು ನನ್ನ ವಿನಂತಿ.