ಎರಡು ಕೇಸರಗಳ ಮಲ್ಲಿಗೆ
(ಬ್ರಿಕ್‌ಫೀಲ್ಡ್ಸ್‌ನಲ್ಲಿ ಮಾಡಿದ ಭಾಷಣದ ಬರಹರೂಪ)



ಪದವಿ ತರಗತಿಯಲ್ಲಿ ಜೀವಶಾಸ್ತ್ರ ಓದುವವರಿಗೆ ಸಂಶೋಧನೆಯ ಅವಕಾಶ ಇರಬೇಕೆ, ಇದ್ದರೆ ಯಾರಿಗೆ ಎಂಬುದು ಈಚಿನ ವರ್ಷಗಳಲ್ಲಿ ಕರ್ನಾಟಕದ ರಾಜಕೀಯದೊಳಗೂ ಬಂತು. ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿಯನ್ನು ರಾಜ್ಯ 2021ರಲ್ಲಿ ಒಪ್ಪಿಕೊಂಡಿತು. 2024ರಲ್ಲಿ ಇನ್ನೊಂದು ಸರ್ಕಾರ ಅದನ್ನು ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ಮರಳಿದ್ದು ಸರಿಯೆ. ಇನ್ನೊಂದು ವರ್ಷದ ಶುಲ್ಕ, ಹಾಸ್ಟೆಲ್ ಖರ್ಚು, ಅಷ್ಟು ಕಾಲ ಕೈಗೆ ಬಾರದ ಸಂಬಳ, ಇವನ್ನು ಹೊರುವ ಶಕ್ತಿ ಕೂಲಿಕಾರರ ಮನೆಗಳಿಗೆ ಇಲ್ಲ. ಆದರೆ ಆ ನೀತಿಯಡಿ ರೂಪಿಸಿದ ಚೌಕಟ್ಟಿನಲ್ಲಿ ಇನ್ನೂ ಹೆಚ್ಚು ಚರ್ಚೆಯಾಗಬೇಕಿದ್ದ ಒಂದು ಷರತ್ತಿತ್ತು. ನಾಲ್ಕನೆಯ ವರ್ಷದಲ್ಲಿ ಸಂಶೋಧನೆಯನ್ನು ಆಯ್ದುಕೊಳ್ಳಲು ಮೊದಲ ಆರು ಸೆಮಿಸ್ಟರುಗಳಲ್ಲಿ ಶೇಕಡ 75 ಅಂಕ ಬೇಕು ಎಂದಿತ್ತು ಯುಜಿಸಿ. ಎಂದರೆ, ಸಂಶೋಧನೆ ಕಲಿಕೆಯ ದಾರಿಯಲ್ಲ. ಚೆನ್ನಾಗಿ ಕಲಿತವರಿಗೆ ಕೊನೆಯಲ್ಲಿ ಕೊಡುವ ಬಹುಮಾನ. ನಾಲ್ಕನೆಯ ವರ್ಷ ಹೋಯಿತು, ಈ ನಂಬಿಕೆ ಮಾತ್ರ ಹೋಗಿಲ್ಲ.

ಅಂಕವೇ ನಿಜವಾದ ಅಳತೆಯಾಗಿದ್ದರೆ ಕಮಲಾ ಸೊಹೊನಿಯವರಿಗೆ ಬಾಗಿಲು ತಾನಾಗಿ ತೆರೆಯಬೇಕಿತ್ತು. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಬಿಎಸ್ಸಿಯಲ್ಲಿ ಮೊದಲಿಗರಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದ ಅವರನ್ನು ಸಿ.ವಿ. ರಾಮನ್ ನಿರಾಕರಿಸಿದರು. ಕಾರಣ, ಅವರು ಹೆಣ್ಣು. ಹಟ ಹಿಡಿದ ಮೇಲೆ ಸಿಕ್ಕ ಪ್ರವೇಶವೂ ಷರತ್ತುಬದ್ಧ. ಬಾಗಿಲು ಕಾಯುವವರ ಕೈಯಲ್ಲಿ ಅಳತೆಗೋಲುಗಳು ಒಂದಲ್ಲ, ಹಲವು. ಯಾವಾಗ ಯಾವುದನ್ನು ಹೊರತೆಗೆಯುತ್ತಾರೆಂಬುದು ಒಳಬರುವವರು ಯಾರು ಎಂಬುದನ್ನು ಅವಲಂಬಿಸಿರುತ್ತದೆ.

ಇದಕ್ಕೆ ಎದುರಾದ ಒಂದು ಮಾದರಿ ಕನ್ನಡದಲ್ಲೇ ಇದೆ. ಬಿ.ಜಿ.ಎಲ್. ಸ್ವಾಮಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು. ಆರ್ಕಿಡ್‌ಗಳ ಭ್ರೂಣಶಾಸ್ತ್ರದಲ್ಲಿ ಕೆಲಸ ಮಾಡಿದರು, 1947ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಡಿ.ಎಸ್ಸಿ. ಪಡೆದರು, ಹಾರ್ವರ್ಡ್‌ನಲ್ಲಿ ಇರ್ವಿಂಗ್ ಬೈಲಿಯವರೊಡನೆ ಸಂಶೋಧನೆ ನಡೆಸಿದರು. ಆಮೇಲೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರೂ ಪ್ರಾಂಶುಪಾಲರೂ ಆದರು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಅವರ ‘ಹಸುರು ಹೊನ್ನು’ ವಿದ್ಯಾರ್ಥಿಗಳ ದಂಡು ಕಟ್ಟಿಕೊಂಡು ಪಶ್ಚಿಮಘಟ್ಟ ಅಲೆದ ಕಥನ. ಅದರಲ್ಲಿ ಜಾಣರೂ ಇದ್ದಾರೆ, ಪೆದ್ದರೂ ಇದ್ದಾರೆ, ಊಟದ ಚಿಂತೆಯಲ್ಲೇ ಇರುವವರೂ ಇದ್ದಾರೆ. ಅಂಕಪಟ್ಟಿ ನೋಡಿ ಯಾರನ್ನೂ ಊರಲ್ಲೇ ಬಿಟ್ಟು ಬಂದಂತೆ ಕಾಣುವುದಿಲ್ಲ. ಗಿಡದ ಮುಂದೆ ನಿಂತು ಪ್ರಶ್ನೆ ಕೇಳುವುದು ಎಲ್ಲರ ಪಾಲಿನ ಕೆಲಸ. ತಮಾಷೆಗಾಗಿ ಆ ಪುಸ್ತಕ ಓದಿದವರು ಇದನ್ನು ಗಮನಿಸದೆ ಹೋಗಿರಬಹುದು. ತಮಾಷೆ ಅಷ್ಟು ಚೆನ್ನಾಗಿದೆ.

ಸ್ವಾಮಿಯವರ ಸಂಶೋಧನೆಯಿಂದ ಒಂದು ಉದಾಹರಣೆ ಇಲ್ಲಿಗೆ ಹೊಂದುತ್ತದೆ. ಹೂಬಿಡುವ ಗಿಡಗಳ ಕಾಂಡದಲ್ಲಿ ಸಾಮಾನ್ಯವಾಗಿ ನೀರು ಸಾಗಿಸುವ ಅಗಲವಾದ ನಾಳಗಳಿರುತ್ತವೆ. ಸಾರ್ಕಾಂಡ್ರ ಎಂಬ ಕುಲದಲ್ಲಿ ಅವು ಇಲ್ಲವೆಂದು 1950ರಲ್ಲಿ ಅವರೂ ಬೈಲಿಯವರೂ ಪ್ರಕಟಿಸಿದರು. ಆ ಕುಲದ ಒಂದು ಪ್ರಭೇದಕ್ಕೆ ಸ್ವಾಮಿ ತಮ್ಮ ಗುರುವಿನ ಹೆಸರನ್ನೇ ಇಟ್ಟರು. 1987ರಲ್ಲಿ, ಸ್ವಾಮಿ ತೀರಿಕೊಂಡು ಏಳು ವರ್ಷವಾದ ಮೇಲೆ, ಶರ್ವಿನ್ ಕಾರ್ಲ್‌ಕ್ವಿಸ್ಟ್ ಅದೇ ಕುಲದ ಗಿಡದ ಬೇರಿನಲ್ಲಿ ನಾಳಗಳನ್ನು ತೋರಿಸಿದರು. ಇದರಿಂದ ಸ್ವಾಮಿ ಸಣ್ಣವರಾಗಲಿಲ್ಲ. ಕಾಂಡವನ್ನು ಅವರು ಅಷ್ಟು ಎಚ್ಚರದಿಂದ ನೋಡಿದ್ದರಿಂದಲೇ ಬೇರಿನ ಪ್ರಶ್ನೆ ಮುಖ್ಯವಾಯಿತು. ಆದರೆ ನಮ್ಮ ಕಾಲೇಜುಗಳ ಪ್ರಾಜೆಕ್ಟ್ ವರದಿಗಳಲ್ಲಿ ಫಲಿತಾಂಶ ತಪ್ಪುವುದೇ ಅಪರೂಪ. ಕಾರಣ ಸರಳ: ಹೋದ ವರ್ಷದ ವರದಿಯಿಂದ ನಕಲಾದುದರಲ್ಲಿ ಹೊಸ ತಪ್ಪಿಗೆ ಜಾಗವಿರುವುದಿಲ್ಲ.

ಬ್ರಿಕ್‌ಫೀಲ್ಡ್ಸ್‌ನ ಮನೆಗಳಿಗೂ ಇದು ದೂರದ ಮಾತಲ್ಲ. ರೈಲ್ವೆ ಕೆಲಸಗಾರರ ವಸತಿಯಾಗಿ ಬೆಳೆದ ಬಡಾವಣೆ ಇದು. ಇಲ್ಲಿ ಜೀವಶಾಸ್ತ್ರ ಎಂದರೆ ವೈದ್ಯಕೀಯಕ್ಕೆ ಏಣಿ, ಏಣಿ ತಪ್ಪಿದರೆ ಸೋಲು ಎಂದು ತಿಳಿಯುವ ತಂದೆತಾಯಿಯರು ಕಡಿಮೆಯೇನಲ್ಲ. ಪದವಿಗೆ ಬಂದ ಮಗಳು ಒಂದು ಮಧ್ಯಾಹ್ನವೆಲ್ಲ ಒಂದು ಹೂವನ್ನು ಬಿಡಿಸುತ್ತ ಕುಳಿತರೆ ಅದು ಕಾಲಹರಣವೆನಿಸುತ್ತದೆ. ಹಾಗೆನಿಸಿದಾಗ ಜಾಲಾನ್ ತುನ್ ಸಂಬಂತನ್ ಬೀದಿಯ ಹೂವಿನಂಗಡಿಗಳ ಕಡೆಗೊಮ್ಮೆ ನೋಡಬೇಕು.

ಅಲ್ಲಿನ ಮಲ್ಲಿಗೆಗೆ ಮಲಯ ಭಾಷೆಯಲ್ಲಿ ಮೆಲೂರ್ ಎಂದು ಹೆಸರು. ನಮ್ಮ ದುಂಡುಮಲ್ಲಿಗೆಯೂ ಅದೇ ಜಾತಿಯದು. ಅದರಲ್ಲಿ ಒಂದೇ ಸುತ್ತಿನ ದಳದ ಹೂವೂ ಉಂಟು, ಒತ್ತೊತ್ತಾಗಿ ದಳ ತುಂಬಿದ ಸುತ್ತುಮಲ್ಲಿಗೆಯೂ ಉಂಟು. ದಾಸವಾಳ, ಗುಲಾಬಿಗಳಲ್ಲಿ ಹೆಚ್ಚಿನ ದಳಗಳು ಬಹುಮಟ್ಟಿಗೆ ಕೇಸರಗಳ ರೂಪಾಂತರ ಎಂದು ಪಠ್ಯಪುಸ್ತಕ ಕಲಿಸುತ್ತದೆ, ನಿಜವೂ ಹೌದು. ಅವುಗಳಲ್ಲಿ ಕೇಸರಗಳು ಹೇರಳ. ಮಲ್ಲಿಗೆಯಲ್ಲಾದರೆ ಕೇಸರ ಎರಡೇ. ಹಾಗಾದರೆ ಅಷ್ಟು ದಳ ಎಲ್ಲಿಂದ ಬಂತು? ಶೇಕಡ 50 ಪಡೆದವರಿಗೂ ಹೊಳೆಯಬಹುದಾದ ಪ್ರಶ್ನೆ ಇದು. ಪಠ್ಯವನ್ನು ಬಾಯಿಪಾಠ ಮಾಡಿದವರಿಗೆ ಮಾತ್ರ ಹೊಳೆಯದೆ ಇದ್ದೀತು.

ಇದಕ್ಕೆ ದೊಡ್ಡ ಪ್ರಯೋಗಾಲಯ ಬೇಡ. ಹೊಸ ಬ್ಲೇಡು, ಕೈಮಸೂರ, ಎರಡೂ ಬಗೆಯ ಹೂಗಳ ಬೇರೆಬೇರೆ ವಯಸ್ಸಿನ ಮೊಗ್ಗು. ಸುತ್ತುಮಲ್ಲಿಗೆಯಲ್ಲಿ ಆ ಎರಡು ಕೇಸರ ಉಳಿದಿವೆಯೆ, ಅರೆದಳವಾಗಿವೆಯೆ, ಇಲ್ಲವಾಗಿವೆಯೆ ಎಂದು ಪ್ರತಿ ಹೂವಿನಲ್ಲೂ ನೋಡಿ, ಎಣಿಸಿ, ಚಿತ್ರ ಬರೆಯಬೇಕು. ಬಿಡಿಸಿ ತೋರಿಸಲು ಒಬ್ಬ ಅಧ್ಯಾಪಕರ ಒಂದು ಮಧ್ಯಾಹ್ನ ಬೇಕು. ನಿಜವಾದ ಕೊರತೆ ಇರುವುದು ಅಲ್ಲಿ. ಅಂಗಡಿಯ ಹೆಂಗಸಿನೊಡನೆ ತಮಿಳಿನಲ್ಲಿ ಮಾತಾಡಿ, ಟಿಪ್ಪಣಿಯನ್ನು ಕನ್ನಡದಲ್ಲಿ ಬರೆದುಕೊಂಡು, ವರದಿಯನ್ನು ಇಂಗ್ಲಿಷಿನಲ್ಲೋ ಮಲಯದಲ್ಲೋ ಒಪ್ಪಿಸಿದರೂ ಹೂವಿಗೆ ಆಕ್ಷೇಪವಿಲ್ಲ. ಬೆಳಿಗ್ಗೆ ಬೇಗ ಹೋಗುವುದು ಒಳ್ಳೆಯದು. ಸಂಜೆಯ ಹೊತ್ತಿಗೆ ಮೊಗ್ಗುಗಳು ಅರಳಿಬಿಡುತ್ತವೆ.