‘ಸರ್ವರ್ ಡೌನ್’ ಅಂದ್ರ ಏನು? ‘ಧನ್ಯವಾದ’ ಬಂತು, ಆದ್ರ ಫಾರ್ಮ್ ಹೋಗಲಿಲ್ಲ

ಕುಳಗೇರಿ ಕ್ರಾಸ್‌ನಿಂದ ಮಾತಾಡಾಕತ್ತೀನಿ. ಹಿಂದೆ ಲಾರಿ ಹಾರ್ನ್ ಕೇಳಿದ್ರ ಗಾಬರಿ ಆಗಬ್ಯಾಡ್ರಿ. ಹುಬ್ಬಳ್ಳಿ–ವಿಜಯಪುರ ಹೈವೇ ನಮ್ಮ ಬಾಗಿಲಿಗೇ ಐತಿ, ರಾತ್ರಿ ಹನ್ನೊಂದಾದ್ರೂ ಅದಕ್ಕ ನಿದ್ದಿ ಇಲ್ಲ.

ಈ ವಾರದ ವಿಷಯ ಕೇಳುಗರೊಬ್ಬರ ವಾಯ್ಸ್ ನೋಟ್‌ನಿಂದ ಬಂದದ್ದು. ಪ್ರಶ್ನೆ ಇಷ್ಟೇ: “ಬ್ರೋ, ಸಬ್‌ಮಿಟ್ ಒತ್ತಿದೆ, ಚಕ್ರ ತಿರುಗಿತು, ಆಮ್ಯಾಲ ನಿಂತಿತು. ಹೋತೋ ಇಲ್ಲೋ?” ಈ ಪ್ರಶ್ನೆಗೆ ನಮ್ಮ ಕಡೆ ಸಿಗೋ ಉತ್ತರ ಒಂದೇ: ಸರ್ವರ್ ಡೌನ್. ಸ್ಕಾಲರ್‌ಶಿಪ್ ಅರ್ಜಿ ಹೋಗಲಿಲ್ಲ, ಸರ್ವರ್ ಡೌನ್. ಪಹಣಿ ಬರಲಿಲ್ಲ, ಸರ್ವರ್ ಡೌನ್. ಹೇಳಿದವರಿಗೂ ಸಮಾಧಾನ, ಕೇಳಿದವರೂ ಎದ್ದು ಹೋಗ್ತಾರ.

ಆ ಮಾತು ನಿಜ ಆಗಿದ್ದ ದಿನಗಳೂ ಇದ್ದವು. 2023ರ ಜೂನ್ ನೆನಪು ಮಾಡ್ಕೊಳ್ರಿ. 18ನೇ ತಾರೀಖು ಸೇವಾ ಸಿಂಧು ಪೋರ್ಟಲ್‌ನಲ್ಲಿ ಗೃಹಜ್ಯೋತಿ ನೋಂದಣಿ ಶುರುವಾಯಿತು. 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ಅಂದಮೇಲೆ ಕೇಳಬೇಕಾ? ಇಡೀ ರಾಜ್ಯ ಒಂದೇ ಬಾಗಿಲಿಗೆ ಬಂದು ನಿಂತಿತು, ಸರ್ವರ್ ಏದುಸಿರು ಬಿಟ್ಟಿತು. ಮುಂದಿನ ತಿಂಗಳು, ಜುಲೈ 19ಕ್ಕೆ, ಗೃಹಲಕ್ಷ್ಮಿ ನೋಂದಣಿ ಆರಂಭವಾದಾಗ ಮನೆಯ ಯಜಮಾನಿ ಯಾವ ದಿನ, ಯಾವ ಹೊತ್ತಿಗೆ, ಯಾವ ಕೇಂದ್ರಕ್ಕೆ ಬರಬೇಕು ಅಂತ ಎಸ್‌ಎಂಎಸ್ ಕಳಿಸುವ ವ್ಯವಸ್ಥೆ ಮಾಡಿದರು. ಎಲ್ಲರೂ ಒಮ್ಮೆಲೇ ನುಗ್ಗದಂಗ ಸರದಿ ಹಚ್ಚೋದು. ಒಳ್ಳೆ ಎಂಜಿನಿಯರಿಂಗ್ ಅದು, ಯಾರೂ ಹಂಗ ಕರೆಯಲಿಲ್ಲ ಅಷ್ಟೇ.

ಆದ್ರ ನಾನು ನೋಡಿದ ಮಟ್ಟಿಗೆ, ಉಳಿದ ದಿನಗಳಲ್ಲಿ ‘ಸರ್ವರ್ ಡೌನ್’ ಅನ್ನುವ ಮಾತಿನ ಹಿಂದೆ ಬೇರೆ ಹತ್ತು ಕಾರಣ ಅಡಗಿ ಕೂತಿರ್ತಾವು. ಅವುಗಳಲ್ಲಿ ಅರ್ಧವನ್ನು ನೀವೇ ಹಿಡಿಯಬಹುದು. ನಾನು ಬಿ.ಕಾಂ. ಓದಿದವನು, ಕಂಪ್ಯೂಟರ್ ಸೈನ್ಸ್ ಅಲ್ಲ. ಅದಕ್ಕ ಈ ವಿದ್ಯೆ ನಮಗೆಲ್ಲ ಸಿಗುವಂಥದ್ದು ಅಂತ ಧೈರ್ಯವಾಗಿ ಹೇಳ್ತೀನಿ.

ಮೊದಲು ಸಬ್‌ಮಿಟ್ ಒತ್ತಿದಾಗ ಏನಾಗುತ್ತದೆ ನೋಡೋಣ. ಹಳೇ ವೆಬ್‌ಸೈಟ್‌ಗಳಲ್ಲಿ ಬಟನ್ ಒತ್ತಿದರ ಇಡೀ ಪೇಜ್ ಬೆಳ್ಳಗಾಗಿ, ಹೊಸ ಪೇಜ್ ಬರ್ತಿತ್ತು. ಅದು ಬುತ್ತಿ ಹಿಡ್ಕೊಂಡು ನೀವೇ ಬಸ್ ಹತ್ತಿ ಬಾದಾಮಿಗೆ ಹೋದಂಗ. ಮುಟ್ಟಿದ್ರೋ ಇಲ್ಲೋ ನಿಮಗೇ ಗೊತ್ತು. ಈಗಿನ ಸೈಟ್‌ಗಳು ಹಂಗಲ್ಲ. ಪೇಜ್ ಇದ್ದಲ್ಲೇ ಇರುತ್ತದೆ, ಹಿಂದುಗಡೆಯಿಂದ ಡೇಟಾ ಹೋಗುತ್ತದೆ. ಅಂದ್ರ ಕ್ರಾಸ್‌ನಾಗ ನಿಂತು ಕಂಡಕ್ಟರ್ ಕೈಯಾಗ ಬುತ್ತಿ ಕೊಟ್ಟು ಕಳಿಸಿದಂಗ. ನೀವು ನಿಮ್ಮ ಕೆಲಸ ಮಾಡ್ಕೋತ ಇರ್ತೀರಿ, ಆ ಕಡೆಯಿಂದ ಫೋನ್ ಬಂದಾಗ ಮುಟ್ಟಿತು ಅಂತ ತಿಳೀತದ. ಇದಕ್ಕೇ ಅಸಿಂಕ್ರೊನಸ್ ಅನ್ನೋದು. 1999ರಲ್ಲಿ ಮೈಕ್ರೋಸಾಫ್ಟ್‌ನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5ರಲ್ಲಿ ಈ ಸೌಲಭ್ಯ ಬಂತು. 2005ರ ಫೆಬ್ರವರಿಯಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಎಂಬ ಡಿಸೈನರ್ ಅದಕ್ಕೆ ಏಜಾಕ್ಸ್ ಅಂತ ಹೆಸರಿಟ್ಟ. ಇತಿಹಾಸ ಇಷ್ಟು ಸಾಕು.

ನಮ್ಮ ತೊಂದರೆ ಎಲ್ಲಿ ಅಂದ್ರ, ಬುತ್ತಿ ಬಸ್ಸಿಗೆ ಹಾಕಿದ್ದನ್ನೇ ‘ಮುಟ್ಟಿತು’ ಅಂತ ಕೆಲವು ಪೇಜ್‌ಗಳು ಹೇಳಿಬಿಡ್ತಾವು.

ಇಳಕಲ್‌ನಾಗ ನನ್ನ ಗೆಳೆಯನ ಮನೆಯವರದು ಸೀರೆ ಅಂಗಡಿ. ಎರಡು ವರ್ಷದ ಹಿಂದೆ ಯಾರೋ ಒಬ್ಬ ಹುಡುಗನ ಕಡೆಯಿಂದ ಕಡಿಮೆ ರೊಕ್ಕಕ್ಕ ಒಂದು ವೆಬ್‌ಸೈಟ್ ಮಾಡಿಸಿದ್ರು. ಅದರಾಗ ಒಂದು ಆರ್ಡರ್ ಫಾರ್ಮ್: ಹೆಸರು, ಫೋನ್, ಒಡಲಿನ ಬಣ್ಣ, ದಡಿ ಯಾವುದು, ಸೆರಗು ತೋಪ್‌ತೆನಿ ಬೇಕೋ ಬೇರೆ ಬೇಕೋ. ಕೊನೆಗೆ, ಬೇಕಾದ್ರ ಒಂದು ಫೋಟೋ ಹಾಕ್ರಿ ಅಂತ ಜಾಗ. ಬಣ್ಣ ಹೇಳೋಕಿಂತ ತೋರಿಸೋದು ಸುಲಭ ಅಲ್ರಿ, ಅವ್ವನ ಹಳೇ ಸೀರೆದು ಫೋಟೋ ಹೊಡೆದು ಇಂಥದ್ದೇ ಬೇಕು ಅಂತ ಕಳಿಸ್ತಾರ.

ಒಂದು ದಿನ ಸೊಲ್ಲಾಪುರದಿಂದ ಒಬ್ಬ ಹೆಣ್ಣುಮಗಳ ಫೋನ್. ಮಗಳ ಮದುವೆಗೆ ಹತ್ತು ದಿನ ಐತಿ, ಸೀರೆ ಎಲ್ಲಿಗೆ ಬಂತು ಅಂತ. ಇವರ ಕಡೆ ಆ ಆರ್ಡರ್ರೇ ಇಲ್ಲ. ಆಕೆಯ ಹತ್ತಿರ ಸ್ಕ್ರೀನ್‌ಶಾಟ್ ಐತಿ: ‘ನಿಮ್ಮ ಆರ್ಡರ್ ತಲುಪಿದೆ, ಧನ್ಯವಾದ’. ಗೆಳೆಯ ತನ್ನ ಲ್ಯಾಪ್‌ಟಾಪ್‌ನಾಗ ಫಾರ್ಮ್ ತುಂಬಿ ನೋಡಿದ. ಸರಿಯಾಗಿ ಬಂತು. ಮತ್ತೊಮ್ಮೆ ಮಾಡಿದ, ಆಗಲೂ ಬಂತು. ಸೈಟ್ ಮಾಡಿದ ಹುಡುಗನಿಗೆ ಕೇಳಿದ್ರ ಉತ್ತರ ನಿಮಗೆ ಗೊತ್ತೇ ಐತಿ. ಆವತ್ತು ಸರ್ವರ್ ಡೌನ್ ಇದ್ದಿರಬೇಕು.

ಬಿ.ಕಾಂ. ಹುಡುಗರಿಗೆ ಬ್ಯಾಂಕ್ ರಿಕನ್ಸಿಲಿಯೇಷನ್ ಸ್ಟೇಟ್‌ಮೆಂಟ್ ನೆನಪಿರಬೇಕು. ನಮ್ಮ ಕ್ಯಾಶ್ ಬುಕ್ ಒಂದು ಹೇಳ್ತದ, ಬ್ಯಾಂಕಿನ ಪಾಸ್‌ಬುಕ್ ಇನ್ನೊಂದು ಹೇಳ್ತದ. ಆಗ ಯಾರು ಸುಳ್ಳ ಅಂತ ಜಗಳ ಮಾಡೋದಿಲ್ಲ, ಎರಡನ್ನೂ ಪಕ್ಕಪಕ್ಕ ಇಟ್ಟು ಯಾವ ಎಂಟ್ರಿ ಒಂದರಲ್ಲಿ ಮಾತ್ರ ಐತಿ ಅಂತ ಟಿಕ್ ಹಾಕ್ಕೋತ ಹೋಗ್ತೀವಿ. ಇಲ್ಲೂ ಅದನ್ನೇ ಮಾಡಿದ್ವಿ. ಒಂದು ಕಡೆ ‘ಧನ್ಯವಾದ ಬಂತು, ಸೀರೆ ಬರಲಿಲ್ಲ’ ಅಂದವರು, ಇನ್ನೊಂದು ಕಡೆ ಬಂದು ಮುಟ್ಟಿದ ಆರ್ಡರ್‌ಗಳು. ಅಷ್ಟೊತ್ತಿಗೆ ಇನ್ನಿಬ್ಬರ ಫೋನ್ ಬಂದಿತ್ತು, ಒಟ್ಟು ಮೂವರು. ಮೂವರಿಗೂ ಕೇಳಿದೆವು, ಫೋಟೋ ಹಾಕಿದ್ರ್ಯಾ? ಮೂವರೂ ಹೌದು ಅಂದ್ರು. ಬಂದು ಮುಟ್ಟಿದ ಆರ್ಡರ್‌ಗಳಲ್ಲಿ ಫೋಟೋ ಇದ್ದವು ಎರಡೇ, ಅವೆರಡೂ ವಾಟ್ಸಾಪ್‌ನಿಂದ ಇಳಿಸಿಕೊಂಡ ಫೋಟೋ. ವಾಟ್ಸಾಪ್ ಫೋಟೋವನ್ನ ಹಿಂಡಿ ಸಣ್ಣದು ಮಾಡುತ್ತದೆ ಅನ್ನೋದು ನೆನಪಿಡ್ರಿ.

ಈಗ ಕಂಪ್ಯೂಟರ್‌ನ ಕ್ರೋಮ್‌ನಲ್ಲಿ ಆ ಫಾರ್ಮ್ ತೆರೆದು ಎಫ್ 12 ಒತ್ತಿದೆವು. ಪಕ್ಕದಲ್ಲಿ ಒಂದು ಫಲಕ ತೆರೆಯುತ್ತದೆ. ಅದರಲ್ಲಿ ‘ನೆಟ್‌ವರ್ಕ್’ ಅಂತ ಟ್ಯಾಬ್. ಇದು ಬಸ್ ಸ್ಟ್ಯಾಂಡ್‌ನ ಕಂಟ್ರೋಲರ್ ಪುಸ್ತಕ ಇದ್ದಂಗ: ಯಾವ ಬಸ್ ಯಾವಾಗ ಬಿಟ್ಟಿತು, ತಿರುಗಿ ಏನು ತಂತು, ಎಲ್ಲ ಬರೆದಿರ್ತದ. ಫೋನ್ ಕ್ಯಾಮೆರಾದಿಂದ ನೇರ ತೆಗೆದ ಒಂದು ಫೋಟೋ ಹಾಕಿ ಸಬ್‌ಮಿಟ್ ಕೊಟ್ಟೆವು. ಪೇಜ್‌ನಲ್ಲಿ ‘ತಲುಪಿದೆ, ಧನ್ಯವಾದ’. ಪಕ್ಕದ ಫಲಕದಲ್ಲಿ ಅದೇ ಹೊತ್ತಿಗೆ ಕೆಂಪು ಅಕ್ಷರದ ಒಂದು ಸಾಲು. ಸ್ಟೇಟಸ್: 413.

413 ಅಂದ್ರ ‘ನೀವು ಕಳಿಸಿದ ಗಂಟು ಬಹಳ ದೊಡ್ಡದು, ನಾನು ಇಳಿಸಿಕೊಳ್ಳೋದಿಲ್ಲ’ ಅಂತ ಸರ್ವರ್ ಹೇಳಿದ್ದು. ಅಲ್ಲಿ ಎಂಜಿನ್‌ಎಕ್ಸ್ ಅನ್ನುವ ಸರ್ವರ್ ಸಾಫ್ಟ್‌ವೇರ್ ಇತ್ತು. ಯಾರೂ ಬದಲಿಸದಿದ್ದರೆ ಅದರ ಮಿತಿ 1 ಎಂಬಿ. ಈಗಿನ ಫೋನ್ ಕ್ಯಾಮೆರಾದ ಒಂದು ಫೋಟೋ ಮೂರು, ನಾಲ್ಕು ಎಂಬಿ ದಾಟ್ತದ. ಅಂದ್ರ ಸರ್ವರ್ ಡೌನ್ ಆಗಿರಲೇ ಇಲ್ಲ. ಎದ್ದು ಕೂತು, ಎಚ್ಚರ ಇದ್ದು, ಸ್ಪಷ್ಟವಾಗಿ ‘ಆಗೋದಿಲ್ಲ’ ಅಂದಿತ್ತು.

ಹಂಗಾದ್ರ ‘ಧನ್ಯವಾದ’ ಅಂದವರು ಯಾರು? ಪೇಜ್‌ನ ಜಾವಾಸ್ಕ್ರಿಪ್ಟ್. ಈಗ ಎಲ್ಲರೂ ಬಳಸುವ ‘ಫೆಚ್’ ಅನ್ನುವ ವಿಧಾನಕ್ಕ ಒಂದು ಸ್ವಭಾವ ಐತಿ. ಉತ್ತರ ಬಂದರೆ ಸಾಕು, ಅದು ಕೆಲಸ ಆಯಿತು ಅಂತ ತಿಳಿಯುತ್ತದೆ. ಬಂದ ಉತ್ತರ ಬೈಗುಳ ಆದ್ರೂ ಉತ್ತರವೇ. 404 ಬರಲಿ, 500 ಬರಲಿ, ಅದು ಎರರ್ ಅಂತ ಕೂಗೋದಿಲ್ಲ. ನೆಟ್‌ವರ್ಕೇ ಕಡಿದು ಹೋದರೆ ಮಾತ್ರ ಕೂಗುತ್ತದೆ. ಕೋಡ್ ಬರೆಯುವವರು ‘ರೆಸ್ಪಾನ್ಸ್ ಡಾಟ್ ಓಕೆ’ ಅನ್ನೋದನ್ನ ತಾವಾಗೇ ಪರೀಕ್ಷೆ ಮಾಡಬೇಕು. ಆ ಹುಡುಗ ಮಾಡಿರಲಿಲ್ಲ. ಕಲಿಯುವ ಹುಡುಗರು ದಯವಿಟ್ಟು ಈ ಒಂದು ಸಾಲನ್ನ ಬಿಡಬ್ಯಾಡ್ರಿ. ನನ್ನ ಪ್ರಕಾರ ವೆಬ್‌ನ ಅರ್ಧ ಸುಳ್ಳು ‘ಧನ್ಯವಾದ’ಗಳು ಇಲ್ಲಿಂದಲೇ ಬರ್ತಾವು.

ಸರ್ವರ್‌ನ ಲಾಗ್ ಫೈಲ್ ತೆಗೆಸಿ ನೋಡಿದ್ರ 413ರ ಸಾಲು ಹನ್ನೊಂದು ಇದ್ದವು. ಸಾಲಿನಾಗ ದಿನ, ಹೊತ್ತು, ಐಪಿ ವಿಳಾಸ, ಅಷ್ಟೇ. ಹೆಸರಿಲ್ಲ, ಫೋನ್ ನಂಬರ್ ಇಲ್ಲ, ಯಾಕಂದ್ರ ಗಂಟು ಬಿಚ್ಚದೇ ವಾಪಸ್ ಕಳಿಸಿದ್ದದು. ಫೋನ್ ಮಾಡಿದವರು ಮೂವರು. ಉಳಿದ ಎಂಟು ಸಾಲು ಯಾರವು? ಒಬ್ಬರೇ ಎರಡು ಸಲ ಒತ್ತಿರಬಹುದು. ಇಲ್ಲಾ ಎಂಟು ಮನೆಯವರು ಸೀರೆ ಬರ್ತದ ಅಂತ ಕೂತಿರಬಹುದು. ಗೆಳೆಯ ಸೈಟ್ ಮೇಲೆ ದೊಡ್ಡ ಅಕ್ಷರದಾಗ ಸೂಚನೆ ಹಾಕಿದ, ವಾಟ್ಸಾಪ್ ಸ್ಟೇಟಸ್ ಇಟ್ಟ. ಇನ್ನಿಬ್ಬರು ಸಿಕ್ಕರು. ಉಳಿದವರು ಇವತ್ತಿಗೂ ಸಿಕ್ಕಿಲ್ಲ. ಅವರಲ್ಲಿ ಎಷ್ಟು ಮಂದಿ ‘ಇಳಕಲ್ ಅಂಗಡಿಯವರು ಮೋಸ ಮಾಡಿದ್ರು’ ಅಂತ ಊರೆಲ್ಲ ಹೇಳ್ತಾ ಇರಬಹುದೋ. ಸೊಲ್ಲಾಪುರದ ಮದುವೆಗೆ ಅಂಗಡಿಯಲ್ಲಿ ಸಿದ್ಧ ಇದ್ದ ಸೀರೆಗಳಲ್ಲೇ ಹತ್ತಿರದ ಬಣ್ಣದ್ದು ಒಂದನ್ನ ಬಸ್ಸಿಗೆ ಹಾಕಿ ಕಳಿಸಿದ್ರು. ಈ ಸಲ ಮುಟ್ಟಿದೆ ಅಂತ ಫೋನ್ ಬರೋತನಕ ಯಾರೂ ಧನ್ಯವಾದ ಅನ್ನಲಿಲ್ಲ.

ರಿಪೇರಿ ದೊಡ್ಡದೇನಿರಲಿಲ್ಲ. ಮಿತಿ ಏರಿಸಿದರು, ಫೋಟೋವನ್ನ ಕಳಿಸೋ ಮೊದಲೇ ಬ್ರೌಸರ್‌ನಲ್ಲೇ ಸಣ್ಣದು ಮಾಡಿಸಿದರು. ‘ಧನ್ಯವಾದ’ ಬದಲಿಗೆ ಸರ್ವರ್ ಕೊಟ್ಟ ಆರ್ಡರ್ ನಂಬರ್ ತೋರಿಸೋ ಹಂಗ ಮಾಡಿದರು. ನಂಬರ್ ಬರದಿದ್ದರೆ ಪೇಜ್ ಬಾಯಿ ಬಿಡಂಗಿಲ್ಲ.

ಇನ್ನು ಆ ನೆಟ್‌ವರ್ಕ್ ಟ್ಯಾಬ್‌ನಾಗ ನೀವು ಕಾಣಬಹುದಾದ ಬೇರೆ ಸಂಗತಿ ಬೇಗ ಬೇಗ ಹೇಳ್ತೀನಿ. ಬಟನ್ ಒತ್ತಿದ್ರೂ ಹೊಸ ಸಾಲೇ ಬರಲಿಲ್ಲ ಅಂದ್ರ ಬಸ್ಸೇ ಬಿಟ್ಟಿಲ್ಲ. ಪಕ್ಕದ ‘ಕನ್ಸೋಲ್’ ಟ್ಯಾಬ್‌ನಾಗ ಕೆಂಪು ಸಾಲು ಹುಡುಕ್ರಿ, ಕೋಡ್ ಅಲ್ಲೇ ಎಲ್ಲೋ ಎಡವಿ ಬಿದ್ದಿರ್ತದ. ಒತ್ತಿದ ಕೂಡಲೇ ಇಡೀ ಪೇಜ್ ರೀಲೋಡ್ ಆಗಿ ತುಂಬಿದ್ದೆಲ್ಲ ಮಾಯ ಆದ್ರ, ‘ಪ್ರಿವೆಂಟ್ ಡಿಫಾಲ್ಟ್’ ಅನ್ನೋದನ್ನ ಬರೆಯೋದು ಬಿಟ್ಟಿರ್ತಾರ. ಆಗ ಸಾಲುಗಳೂ ಅಳಿಸಿ ಹೋಗ್ತಾವು, ಅದಕ್ಕ ‘ಪ್ರಿಸರ್ವ್ ಲಾಗ್’ಗೆ ಟಿಕ್ ಹಾಕ್ಕೊಂಡೇ ಕೂತ್ಕೋರಿ. ಸಾಲಿನ ಮೇಲೆ ಒತ್ತಿದ್ರ ‘ಪೇಲೋಡ್’ ಕಾಣ್ತದ, ಅಂದ್ರ ನಿಜವಾಗಿ ಏನು ಹೋಯಿತು ಅನ್ನೋದು. ನೀವು ತುಂಬಿದ ಪಿನ್‌ಕೋಡ್ ಅಲ್ಲಿ ಇಲ್ಲವೇ ಇಲ್ಲ ಅಂದ್ರ, ಆ ಖಾನೆಗೆ ಕೋಡ್‌ನಲ್ಲಿ ‘ನೇಮ್’ ಕೊಟ್ಟಿಲ್ಲ. 401 ಬಂದರೆ, ಅರ್ಧ ತಾಸು ಫಾರ್ಮ್ ತುಂಬೋತ ಕೂತಿದ್ದಕ್ಕ ನಿಮ್ಮ ಲಾಗಿನ್ ಅವಧಿ ಮುಗಿದಿರೋದು ಸಾಮಾನ್ಯ. ನಮ್ಮಲ್ಲಿ ಇದು ಬಹಳ, ಯಾಕಂದ್ರ ಆಧಾರ್ ಕಾರ್ಡ್ ತರಾಕ ಮನಿಗೆ ಹೋಗಿ ಬರೋದ್ರಾಗ ಸೆಷನ್ ತೀರಿ ಹೋಗಿರ್ತದ. 400ರ ಮನೆತನದ ನಂಬರ್ ಬಂದ್ರ ತಪ್ಪು ನಮ್ಮ ಚೀಟಿಯಾಗ ಐತಿ ಅಂತ ಸರ್ವರ್ ಹೇಳಾಕತ್ತೈತಿ. 500, 502, 503 ಬಂದ್ರ ಕೌಂಟರ್ ಕಡೆಯೇ ಗದ್ದಲ, ಆಗ ಬೇಕಾದ್ರ ‘ಸರ್ವರ್ ಡೌನ್’ ಅನ್ರಿ, ನಾನು ಒಪ್ತೀನಿ. ಎಲ್ಲಕ್ಕಿಂತ ಕಳ್ಳ ಅಂದ್ರ 200. ಹಸಿರು ಬಣ್ಣದಾಗ ಎಲ್ಲ ಸರಿ ಅಂತಿರ್ತದ, ‘ರೆಸ್ಪಾನ್ಸ್’ ತೆಗೆದು ಓದಿದ್ರ ಒಳಗ ‘ದಾಖಲೆ ಸಿಗಲಿಲ್ಲ’ ಅಂತ ಬರೆದಿರ್ತದ. ಲಕೋಟೆ ನೋಡಿ ಖುಷಿ ಪಡಬ್ಯಾಡ್ರಿ, ಬಿಚ್ಚಿ ಓದ್ರಿ.

ವಾಯ್ಸ್ ನೋಟ್ ಕಳಿಸಿದ ಗೆಳೆಯನ ಪ್ರಶ್ನೆ ಇನ್ನೂ ಉಳಿದೈತಿ. ಚಕ್ರ ತಿರುಗಿ ನಿಂತಿತು, ಯಾವ ನಂಬರೂ ಬರಲಿಲ್ಲ. ಇದು ನಿಜಕ್ಕೂ ಕಠಿಣ. ಎರಡು ಸಾಧ್ಯತೆ: ಬುತ್ತಿ ದಾರಿಯಲ್ಲೇ ಬಿತ್ತು, ಅಥವಾ ಬುತ್ತಿ ಮುಟ್ಟಿತು, ಮುಟ್ಟಿತು ಅಂತ ಹೇಳೋ ಫೋನ್ ಮಾತ್ರ ಕಡಿದು ಹೋಯಿತು. ಈ ಕಡೆ ನಿಂತು ನೋಡಿದ್ರ ಎರಡೂ ಒಂದೇ ಥರ ಕಾಣ್ತಾವು. ಪರಿಣಾಮ ಬೇರೆ. ಮೊದಲನೆಯದರಲ್ಲಿ ಮತ್ತೆ ಒತ್ತಬೇಕು, ಎರಡನೆಯದರಲ್ಲಿ ಮತ್ತೆ ಒತ್ತಿದರೆ ಎರಡು ಅರ್ಜಿ ಆಗ್ತಾವು, ದುಡ್ಡಿನ ವ್ಯವಹಾರ ಆದ್ರ ಎರಡು ಸಲ ಕಡಿತ ಆಗಬಹುದು. ಒಳ್ಳೆ ಸೈಟ್ ಮಾಡುವವರು ಇದಕ್ಕೆ ‘ಐಡೆಂಪೊಟೆನ್ಸಿ ಕೀ’ ಇಡ್ತಾರ. ಹೆಸರು ಕೇಳಿ ಹೆದರಬ್ಯಾಡ್ರಿ, ಅದು ಚೆಕ್ ನಂಬರ್ ಇದ್ದಂಗ. ಒಂದೇ ನಂಬರಿನ ಚೆಕ್ ಎರಡು ಸಲ ಕೊಟ್ರೂ ಬ್ಯಾಂಕು ರೊಕ್ಕ ಕೊಡೋದು ಒಂದೇ ಸಲ. ಆದ್ರ ನೀವು ತುಂಬುತ್ತಿರುವ ಸೈಟ್‌ನಾಗ ಆ ವ್ಯವಸ್ಥೆ ಐತೋ ಇಲ್ಲೋ ಹೊರಗಿನಿಂದ ಕಾಣೋದಿಲ್ಲ. ಅದಕ್ಕ ಬ್ರೋ, ಮತ್ತೆ ಒತ್ತಬ್ಯಾಡ, ರಿಫ್ರೆಶ್ ಮಾಡಬ್ಯಾಡ. ಇನ್ನೊಂದು ಟ್ಯಾಬ್ ತೆಗೆದು ಲಾಗಿನ್ ಆಗಿ ಅರ್ಜಿಯ ಸ್ಥಿತಿ ನೋಡು. ಸೇವಾ ಸಿಂಧುವಿನಲ್ಲೂ ಅರ್ಜಿಯ ಸ್ಥಿತಿ ನೋಡುವ ಜಾಗ ಐತಿ. ಫೋನಿಗೆ ಎಸ್‌ಎಂಎಸ್ ಬಂದೈತಾ ನೋಡು. ಆ ಕಡೆಯ ಪುಸ್ತಕದಾಗ ಇಲ್ಲ ಅಂತ ಖಾತ್ರಿ ಆದಮೇಲೆ ಎರಡನೇ ಸಲ ಒತ್ತು.

ಆನ್‌ಲೈನ್ ಸೆಂಟರ್‌ಗೆ ಹೋದವರು ‘ಆತ್ರಿ, ಹೋಗ್ರಿ’ ಅಂದ ಕೂಡಲೇ ಏಳಬ್ಯಾಡ್ರಿ. ಅರ್ಜಿ ಸಂಖ್ಯೆ ಬರೆಸಿಕೊಳ್ರಿ, ನಿಮ್ಮ ಫೋನಿನಾಗ ಅಲ್ಲೇ ಕೂತು ಒಮ್ಮೆ ಚೆಕ್ ಮಾಡ್ರಿ. ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ ಐದು ನಿಮಿಷ ಹೆಚ್ಚು ಕೂರೋದು ಭಾರ ಅಲ್ಲ. ಸೆಂಟರ್‌ನವರು ಸಿಡಿಮಿಡಿ ಮಾಡಿದ್ರ ಮಾಡಲಿ.

ಕಂಪ್ಯೂಟರ್ ಇಲ್ಲದೇ ಫೋನಿನ ಪೇಜನ್ನೇ ಹಿಂಗ ತಪಾಸಣೆ ಮಾಡೋಕ ಬರ್ತದಾ ಅಂತ ಕೇಳ್ತೀರಿ. ಫೋನಿನ ಕ್ರೋಮ್‌ನಾಗ ಈ ಫಲಕ ಇಲ್ಲ. ಗೆಳೆಯನ ಲ್ಯಾಪ್‌ಟಾಪ್ ಅರ್ಧ ತಾಸು ಸಿಕ್ಕರೆ, ಆಂಡ್ರಾಯ್ಡ್ ಫೋನಿನಾಗ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ, ಕೇಬಲ್ ಹಚ್ಚಿ, ಲ್ಯಾಪ್‌ಟಾಪ್‌ನ ಕ್ರೋಮ್‌ನಾಗ ‘ಕ್ರೋಮ್ ಕೋಲನ್ ಸ್ಲ್ಯಾಶ್ ಸ್ಲ್ಯಾಶ್ ಇನ್‌ಸ್ಪೆಕ್ಟ್’ ಅಂತ ಟೈಪ್ ಮಾಡ್ರಿ. ಫೋನಿನಾಗ ತೆರೆದ ಪೇಜ್‌ನ ನೆಟ್‌ವರ್ಕ್ ಟ್ಯಾಬ್ ದೊಡ್ಡ ಪರದೆ ಮೇಲೆ ಕಾಣ್ತದ. ಕೆಲಸ ಮುಗಿದ ಮೇಲೆ ಆ ಡೀಬಗ್ಗಿಂಗ್ ಆಫ್ ಮಾಡ್ರಿ.

ನಿಮ್ಮ ಫಾರ್ಮ್ ಎಲ್ಲಿ ಸಿಕ್ಕಿಹಾಕಿಕೊಂಡೈತಿ ಅನ್ನೋ ಸ್ಕ್ರೀನ್‌ಶಾಟ್ ನನಗೆ ಕಳಿಸ್ರಿ, ಮುಂದಿನ ಸಂಚಿಕೆಯಲ್ಲಿ ಎರಡು ಮೂರು ತೊಗೊಂಡು ನೋಡೋಣ. ಕಳಿಸೋ ಮೊದಲು ‘ಪೇಲೋಡ್’ನಾಗ ಆಧಾರ್ ನಂಬರ್, ಫೋನ್ ನಂಬರ್ ಇದ್ರ ಅಳಿಸಿಬಿಡ್ರಿ. ‘ಕುಕಿ’ ಅಂತ ಇರೋ ಉದ್ದನೆಯ ಸಾಲನ್ನಂತೂ ನನಗೂ ಕಳಿಸಬ್ಯಾಡ್ರಿ, ಯಾರಿಗೂ ಕಳಿಸಬ್ಯಾಡ್ರಿ. ಅದು ಸಿಕ್ಕವರು ನಿಮ್ಮ ಪಾಸ್‌ವರ್ಡ್ ಇಲ್ಲದೇ ನಿಮ್ಮ ಹೆಸರಿನಾಗ ಒಳಗ ಹೋಗಬಹುದು. ನನಗೆ ಬೇಕಾದದ್ದು ಸ್ಟೇಟಸ್ ನಂಬರ್, ರೆಸ್ಪಾನ್ಸ್‌ನ ಎರಡು ಸಾಲು, ಒತ್ತಿದ ಹೊತ್ತು. ಅಷ್ಟು ಸಾಕು.