ಅಕ್ಕಿಗೂ ಮೊದಲು ಅಳತೆ

(ನಮ್ಮ ಕೂಟದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

ಹೋದ ಸಲದ ಸಭೆಯಲ್ಲಿ ನಮ್ಮ ನೆರವು ನಿಧಿಯ ಹಣ ಎಲ್ಲಿಗೆ ಹೋಗಬೇಕು ಅನ್ನುವ ಚರ್ಚೆ ಬಂದಿತ್ತು. ಬಾಂಗ್ಲಾದೇಶದ ರೋಹಿಂಗ್ಯಾ ಶಿಬಿರಗಳಲ್ಲಿ ನಡೆಯುವ ಪೌಷ್ಟಿಕತೆ ಸಮೀಕ್ಷೆಗೂ ಒಂದು ಪಾಲು ಕೊಡೋಣ ಎಂದು ನಾನು ಹೇಳಿದೆ. ಆಗ ಹಿರಿಯರೊಬ್ಬರು ಎದ್ದು, "ಹಸಿದವರ ಮುಂದೆ ಟೇಪು ಹಿಡಿದು ನಿಲ್ಲೋದಕ್ಕೆ ದುಡ್ಡು ಯಾಕಪ್ಪಾ? ಅದೇ ದುಡ್ಡಿಗೆ ಅಕ್ಕಿ ಕಳಿಸೋಣ" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವತ್ತು ನನಗೆ ಸರಿಯಾದ ಉತ್ತರ ಕೊಡಲು ಆಗಲಿಲ್ಲ. ಇವತ್ತು ಕೊಡಲು ಪ್ರಯತ್ನಿಸುತ್ತೇನೆ.

ಮೊದಲು ಸ್ವಲ್ಪ ಹಿನ್ನೆಲೆ. 2017ರ ಆಗಸ್ಟ್ 25ರ ನಂತರ ಮ್ಯಾನ್ಮಾರಿನ ರಖೈನ್ ಪ್ರಾಂತ್ಯದಿಂದ ಕೆಲವೇ ತಿಂಗಳಲ್ಲಿ 7 ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನ ನಾಫ್ ನದಿ ದಾಟಿ ಕಾಕ್ಸ್ ಬಜಾರ್ ಜಿಲ್ಲೆಗೆ ಬಂದರು. ಅವರಿಗಿಂತ ಮೊದಲೇ ಬಂದು ನೆಲೆಸಿದವರೂ ಅಲ್ಲಿದ್ದರು. ಇವರೆಲ್ಲ ತುಂಬಿಕೊಂಡಿದ್ದು ಉಖಿಯಾ, ಟೆಕ್ನಾಫ್ ಎಂಬ ಎರಡು ತಾಲ್ಲೂಕುಗಳಲ್ಲಿ. 2011ರ ಜನಗಣತಿಯಲ್ಲಿ ಈ ಎರಡೂ ಸೇರಿ ಇದ್ದ ಸ್ಥಳೀಯರು 5 ಲಕ್ಷಕ್ಕಿಂತ ಕಡಿಮೆ. ಅಂದರೆ ಆಸರೆ ಕೊಟ್ಟವರಿಗಿಂತ ಆಸರೆ ಕೇಳಿಕೊಂಡು ಬಂದವರೇ ಹೆಚ್ಚಾದರು!

ಇಷ್ಟು ಜನರಲ್ಲಿ ಯಾರಿಗೆ ಏನು ಬೇಕು ಎಂದು ತಿಳಿಯುವುದು ಹೇಗೆ? ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಅನ್ನುತ್ತೇವೆ. ಆದರೆ ಯಾವಾಗಲೂ ಮೇಲಿನ ಅಗುಳನ್ನೇ ತೆಗೆದು ನೋಡಿದರೆ ಮೋಸ ಹೋಗುತ್ತೇವೆ. ರಸ್ತೆ ಪಕ್ಕದ ಬಿಡಾರಗಳನ್ನು ನೋಡಿ ಬರುವ ಅತಿಥಿಗಳು ಮಾಡುವುದು ಇದನ್ನೇ. 'ಸ್ಮಾರ್ಟ್' ಎಂಬ ಸಮೀಕ್ಷಾ ವಿಧಾನದಲ್ಲಿ ಜನಸಂಖ್ಯೆಗೆ ತಕ್ಕಂತೆ ಶಿಬಿರದ ಎಲ್ಲ ಭಾಗಗಳಿಂದ ಗುಂಪುಗಳನ್ನು ಚೀಟಿ ಎತ್ತಿದ ಹಾಗೆ ಆರಿಸುತ್ತಾರೆ. ಗುಡ್ಡದ ತುದಿಯ ಮನೆ ಬಂದರೆ ಗುಡ್ಡ ಹತ್ತಲೇಬೇಕು.

ಆ ಮನೆಗಳಲ್ಲಿ 6ರಿಂದ 59 ತಿಂಗಳ ಮಕ್ಕಳ ತೂಕ, ಎತ್ತರ ನೋಡುತ್ತಾರೆ. ತೋಳಿಗೆ ಬಣ್ಣದ ಪಟ್ಟಿ ಸುತ್ತುತ್ತಾರೆ, ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಕೆಂಪು, ಅಂದರೆ ಮಗುವಿನ ಜೀವಕ್ಕೇ ಅಪಾಯ. ಎರಡೂ ಪಾದಗಳನ್ನು ಹೆಬ್ಬೆರಳಿನಿಂದ ಮೂರು ಸೆಕೆಂಡು ಒತ್ತಿ, ಗುಳಿ ಹಾಗೇ ಉಳಿಯುತ್ತದೆಯೇ ನೋಡುತ್ತಾರೆ. ಉಳಿದರೆ ಅದು ಅಪೌಷ್ಟಿಕತೆಯ ಊತ. ಬೆರಳಿನಿಂದ ಒಂದು ಹನಿ ರಕ್ತ ತೆಗೆದು ರಕ್ತಹೀನತೆ ನೋಡುತ್ತಾರೆ. ಕಳೆದ ಎರಡು ವಾರದಲ್ಲಿ ಭೇದಿ, ಜ್ವರ, ಕೆಮ್ಮು ಇತ್ತೇ, ದಡಾರದ ಲಸಿಕೆ ಆಗಿದೆಯೇ ಎಂದು ತಾಯಿಯನ್ನು ಕೇಳುತ್ತಾರೆ.

ನಮ್ಮ ಹಿರಿಯರ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. 2017ರ ಕೊನೆಯಲ್ಲಿ ಕುಟುಪಲಾಂಗ್‌ನ ಹಳೆಯ ಶಿಬಿರದಲ್ಲಿ ಅಳೆದಾಗ, ನೂರು ಮಕ್ಕಳಲ್ಲಿ 24 ಮಕ್ಕಳು ಎತ್ತರಕ್ಕೆ ತಕ್ಕ ತೂಕವಿಲ್ಲದೆ ಸೊರಗಿದ್ದರು. ನೂರಕ್ಕೆ 15 ದಾಟಿದರೆ ತುರ್ತುಸ್ಥಿತಿ. ಸುಮಾರು ಅರ್ಧದಷ್ಟು ಮಕ್ಕಳಿಗೆ ರಕ್ತಹೀನತೆ ಇತ್ತು. ಆಗ ಹೊಸದಾಗಿ ಬಂದವರಿಗೆ ಸಿಗುತ್ತಿದ್ದುದು ಮುಖ್ಯವಾಗಿ ಅಕ್ಕಿ, ಬೇಳೆ, ಎಣ್ಣೆ. ಹೊಟ್ಟೆ ತುಂಬುತ್ತಿತ್ತು, ರಕ್ತ ಏರುತ್ತಿರಲಿಲ್ಲ. ಶೌಚದ ಗುಂಡಿಗಳ ಪಕ್ಕದಲ್ಲೇ ಕೊಳವೆ ಬಾವಿ ಇದ್ದವು. ಭೇದಿ ನಿಲ್ಲದ ಮಗುವಿಗೆ ಎಷ್ಟು ಅಕ್ಕಿ ಕೊಟ್ಟರೂ ತೂತು ಕೊಡಕ್ಕೆ ನೀರು ಸುರಿದ ಹಾಗೆ. ಆ ಮಗುವಿಗೆ ಬೇಕಾದದ್ದು ಶುದ್ಧ ನೀರು, ಔಷಧಿ, ಲಸಿಕೆ, ಚಿಕಿತ್ಸೆಯ ಆಹಾರ. ಅಳೆಯದೆ ಇದು ಗೊತ್ತಾಗುತ್ತಿರಲಿಲ್ಲ. ಹೊಸ ಬಿಡಾರಗಳಲ್ಲಿ 2017ರ ಕೊನೆಗೆ 19 ಇದ್ದ ಈ ಸಂಖ್ಯೆ ಮರುವರ್ಷದ ಮೇ ಹೊತ್ತಿಗೆ 12ಕ್ಕೆ ಇಳಿಯಿತು.

ಏರಿದ್ದೂ ಉಂಟು. ದಾನಿಗಳ ಹಣ ಕಡಿಮೆಯಾಗಿ 2023ರ ಮಾರ್ಚಿನಲ್ಲಿ ವಿಶ್ವ ಆಹಾರ ಕಾರ್ಯಕ್ರಮವು ತಲಾ ತಿಂಗಳ ಪಡಿತರವನ್ನು 12 ಡಾಲರಿನಿಂದ 10ಕ್ಕೆ, ಜೂನಿನಲ್ಲಿ 8ಕ್ಕೆ ಇಳಿಸಿತು. ದಿನಕ್ಕೆ 27 ಸೆಂಟ್! ನಮ್ಮ ಒಂದು ಕಾಫಿಯ ಹಣದಲ್ಲಿ ಅಲ್ಲಿ ಒಬ್ಬರು ಎಷ್ಟು ದಿನ ಉಣ್ಣಬೇಕು ಎಂದು ನೀವೇ ಲೆಕ್ಕ ಹಾಕಿ. ಆ ವರ್ಷದ ಅಳತೆಯಲ್ಲಿ ಸೊರಗಿದ ಮಕ್ಕಳ ಪಾಲು 15.1ಕ್ಕೆ ಏರಿತು, ಮತ್ತೆ ತುರ್ತುಸ್ಥಿತಿಯ ಗೆರೆ ದಾಟಿತು. ಮುಂದಿನ ವರ್ಷ ಪಡಿತರವನ್ನು ಹಂತಹಂತವಾಗಿ ಮತ್ತೆ ಏರಿಸಿದರು. ಕೊಡುವವರ ಮುಂದೆ ಇಡಲು ಒಂದು ಗಟ್ಟಿ ಸಂಖ್ಯೆ ಇಲ್ಲದಿದ್ದರೆ, "ಅಲ್ಲಿ ಕಷ್ಟ ಇದೆಯಂತೆ" ಎಂಬ ಮಾತಷ್ಟೇ ಉಳಿಯುತ್ತಿತ್ತು.

ಇನ್ನು ನನ್ನ ಅನುಭವ. 2019ರಲ್ಲಿ ಮೂರು ವಾರ ರಜೆ ಹಾಕಿ ಇಂಥ ಒಂದು ಸಮೀಕ್ಷೆಯ ಡೇಟಾ ಪರೀಕ್ಷಿಸುವ ಕೆಲಸಕ್ಕೆ ಸ್ವಯಂಸೇವಕನಾಗಿ ಹೋಗಿದ್ದೆ. ತಂಡಗಳು ಟ್ಯಾಬ್ಲೆಟ್‌ನಲ್ಲಿ ತುಂಬಿದ ಅಂಕಿಗಳನ್ನು ಸಂಜೆ ಕೂತು ಜಾಲಾಡುವುದು ನನ್ನ ಕೆಲಸ. ಎರಡನೇ ದಿನ ಒಂದು ತಂಡದ ಎತ್ತರದ ಅಂಕಿಗಳೆಲ್ಲ ಸೊನ್ನೆ ಅಥವಾ ಐದರಲ್ಲಿ ಕೊನೆಯಾಗಿದ್ದವು: 82.0, 76.5, 91.0. ನಿಜವಾಗಿ ಅಳೆದರೆ ಹೀಗೆ ಬರುವುದಿಲ್ಲ. ನಾನು ಎ.ಸಿ. ಕೋಣೆಯಲ್ಲಿ ಕೂತು "ಕಳ್ಳಲೆಕ್ಕ, ತೆಗೆದುಹಾಕಿ" ಎಂದು ಬರೆದುಬಿಟ್ಟೆ. ನಮ್ಮ ಮೇಲ್ವಿಚಾರಕಿ ಏನೂ ಬೈಯಲಿಲ್ಲ. "ನಾಳೆ ಆ ತಂಡದ ಜೊತೆ ಹೋಗಿ ಬನ್ನಿ" ಅಂದರು, ಅಷ್ಟೇ.

ಹೋದೆ. ಮಳೆ ನಿಂತ ಕೆಸರಿನ ಇಳಿಜಾರು. ಎತ್ತರದ ಹಲಗೆ ಇಡಲು ಸಮತಟ್ಟಾದ ಒಂದು ಗೇಣು ಜಾಗ ಇಲ್ಲ. ಮಗು ಕಿರುಚುತ್ತದೆ, ಒಬ್ಬ ಹುಡುಗಿ ಕಾಲು ಹಿಡಿಯಬೇಕು, ಇನ್ನೊಬ್ಬಳು ತಲೆ ಹಿಡಿದು ಅಂಕಿ ಓದಬೇಕು. ಹಲಗೆಯ ಮಿಲಿಮೀಟರ್ ಗೆರೆಗಳು ಕೆಸರು ಮೆತ್ತಿಕೊಂಡು ಕಾಣುತ್ತಲೇ ಇರಲಿಲ್ಲ. ಅವರು ಕಳ್ಳರಲ್ಲ, ಕಾಣಿಸಿದ್ದನ್ನು ಬರೆದಿದ್ದರು. ಒಂದು ಒದ್ದೆ ಬಟ್ಟೆ, ಅಡಿಗೆ ಒಂದು ಮರದ ಹಲಗೆ ಕೊಟ್ಟ ಮೇಲೆ ಅಂಕಿಗಳು ಸರಿಯಾದವು. ಹಿಂದಿನ ದಿನದ ಮನೆಗಳಿಗೆ ಮತ್ತೆ ಹೋಗಿ ಅಳೆದರು. ಗಡಿಯಲ್ಲಿರುವ ಮಗುವಿಗೆ ಒಂದು ಸೆಂಟಿಮೀಟರ್ ಹೆಚ್ಚು ಕಡಿಮೆಯಾದರೂ ಅದು ಲೆಕ್ಕದ ಆಚೆಗೋ ಈಚೆಗೋ ಬೀಳುತ್ತದೆ. ನಿಧಿಯ ದುಡ್ಡು ಕೇಳಿದ್ದು ಇಂಥ ತರಬೇತಿಗೆ, ಹಲಗೆಗೆ, ಆ ಹುಡುಗಿಯರ ದಿನಗೂಲಿಗೆ.

ಅವತ್ತು ಸಂಜೆ ವಾಪಸು ಬರುವಾಗ ಶಿಬಿರದ ಅಂಚಿನ ಬಂಗಾಳಿ ಹಳ್ಳಿಯೊಂದರಲ್ಲಿ ಚಹಾ ಕುಡಿಯಲು ನಿಂತೆವು. ಮೊಮ್ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡಿದ್ದ ಅಜ್ಜಿಯೊಬ್ಬರು ನಮ್ಮ ತಕ್ಕಡಿ ನೋಡಿ ಏನೋ ಕೇಳಿದರು. ಜೊತೆಗಿದ್ದ ಹುಡುಗಿ ತರ್ಜುಮೆ ಮಾಡಿದಳು: "ಅವರ ಮಕ್ಕಳನ್ನು ಮಾತ್ರ ತೂಗುತ್ತೀರಾ? ಇವನು ಮಗು ಅಲ್ವಾ?"

ನಾವು ಹೊರಟಿದ್ದ ಪಟ್ಟಿಯಲ್ಲಿ ಆ ಹಳ್ಳಿ ಇರಲಿಲ್ಲ. ಆದರೂ ಆ ಹುಡುಗಿ ಚೀಲದಿಂದ ತೋಳಿನ ಪಟ್ಟಿ ತೆಗೆದು ಮಗುವಿಗೆ ಸುತ್ತಿದಳು. ಹಳದಿ ಬಂತು. ಆರೋಗ್ಯ ಕೇಂದ್ರಕ್ಕೆ ಚೀಟಿ ಬರೆದುಕೊಟ್ಟಳು.

ಆ ಅಜ್ಜಿಯ ಊರಿನವರು 2017ರಲ್ಲಿ ತಮ್ಮ ಅಂಗಳ ಬಿಟ್ಟುಕೊಟ್ಟವರು, ಮೊದಲ ದಿನಗಳಲ್ಲಿ ಗಂಜಿ ಕಾಯಿಸಿ ಹಾಕಿದವರು. ಆಮೇಲೆ ಕೂಲಿ ಇಳಿಯಿತು, ಪದಾರ್ಥಗಳ ಬೆಲೆ ಏರಿತು, ಸೌದೆಗೆಂದು ಕಾಡು ಬೋಳಾಯಿತು, ನಾಫ್ ನದಿಯಲ್ಲಿ ಮೀನು ಹಿಡಿಯುವುದನ್ನೂ ಸರ್ಕಾರ ನಿಲ್ಲಿಸಿತು. ಇದಕ್ಕೇ ವಿಶ್ವ ಆಹಾರ ಕಾರ್ಯಕ್ರಮದ ಸಮೀಕ್ಷೆಗಳು ನಿರಾಶ್ರಿತರ ಮನೆಗಳ ಜೊತೆ ಸ್ಥಳೀಯರ ಮನೆಗಳನ್ನೂ ಕೇಳುತ್ತವೆ. 2018ರಿಂದ ಗ್ಯಾಸ್ ಒಲೆ ಕೊಟ್ಟಾಗ ಸ್ಥಳೀಯರಿಗೂ ಕೊಟ್ಟರು. ಒಂದೇ ಕಡೆ ತೂಗಿ ಒಂದೇ ಕಡೆ ಕೊಟ್ಟರೆ ಹಸಿವಿನ ಜೊತೆಗೆ ದ್ವೇಷವೂ ಬೆಳೆಯುತ್ತದೆ. ಆಸರೆ ಕೊಡುವುದೆಂದರೇನು ಎಂದು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಬೈಲುಕುಪ್ಪೆ ಇರುವುದು ನಮ್ಮಲ್ಲೇ.

ಕೊನೆಗೆ ಒಂದು ಕಹಿ ಮಾತು. ವಾಪಸು ಬಂದ ಮೇಲೆ ನಮ್ಮ ನಾಡಿನ ಅಂಕಿಗಳನ್ನೂ ಹುಡುಕಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 19.5 ಮಕ್ಕಳು ಎತ್ತರಕ್ಕೆ ತಕ್ಕ ತೂಕವಿಲ್ಲದೆ ಸೊರಗಿದವರು. ಅದೇ ಅಳತೆ, ಅದೇ 15ರ ಗೆರೆ! ರಕ್ತಹೀನತೆ ನೂರಕ್ಕೆ 65. ಶಿಬಿರವಿಲ್ಲ, ಗುಂಡಿನ ಸದ್ದಿಲ್ಲ, ಹಾಗಾಗಿ ಯಾರೂ ಅದನ್ನು ತುರ್ತುಸ್ಥಿತಿ ಎಂದು ಕರೆಯಲಿಲ್ಲ.

ಹಾಗಾಗಿ ಈ ಸಭೆಯ ಮುಂದೆ ನನ್ನ ಕೋರಿಕೆ ಎರಡು. ನಿಧಿಯಿಂದ ಏನೇ ಕಳಿಸಿದರೂ ಅದರಲ್ಲಿ ಒಂದು ಪಾಲು ಅಳತೆಗೆ ಇರಲಿ, ಆ ಅಳತೆ ಬಂದವರನ್ನೂ ಊರಿನವರನ್ನೂ ಒಟ್ಟಿಗೆ ನೋಡಲಿ. ಇನ್ನೊಂದು, ಈ ಸಲ ರಜೆಗೆ ಊರಿಗೆ ಹೋದಾಗ ನಿಮ್ಮೂರಿನ ಅಂಗನವಾಡಿಗೆ ಹೋಗಿ, ತಕ್ಕಡಿ ಕೆಲಸ ಮಾಡುತ್ತಿದೆಯೇ ಎಂದು ಕೇಳಿ. ಕೆಟ್ಟಿದ್ದರೆ ಅಲ್ಲಿನ ಕಾರ್ಯಕರ್ತೆಯನ್ನು ಗದರಿಸಬೇಡಿ, ನಾನು ಮಾಡಿದ ತಪ್ಪು ಅದೇ. ರಿಪೇರಿ ಮಾಡಿಸಿಕೊಟ್ಟು ಬನ್ನಿ.

ಮಾವ, ಅವತ್ತು ನೀವು ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು. ಅಕ್ಕಿ ಖಂಡಿತ ಕಳಿಸೋಣ. ಯಾರ ಮನೆಗೆ ಅಕ್ಕಿ ಬೇಕು, ಯಾರ ಮನೆಗೆ ಔಷಧಿ ಬೇಕು ಎಂದು ಮೊದಲು ತಿಳಿದುಕೊಂಡು ಕಳಿಸೋಣ.